ನಲವತ್ತು ಕುಣಿಕೆಯ ಸೇವಂತಿಗೆ

ಕ್ರೋಶಾ ಕಲಿಯಬೇಕೆಂದು ಹೊರಟವರಲ್ಲಿ ಬಹಳ ಮಂದಿ ಮೊದಲ ದಿನವೇ ಹೊದಿಕೆಗೆ ಕೈಹಾಕುತ್ತಾರೆ. ಫೋನಿನಲ್ಲಿ ಒಂದು ವಿಡಿಯೊ ನೋಡಿ, ಕುಂದಾಪುರಕ್ಕೋ ಬೈಂದೂರಿಗೋ ಹೋದಾಗ ಫ್ಯಾನ್ಸಿ ಸ್ಟೋರಿನಿಂದ ಆರು ಬಣ್ಣದ ಉಲ್ಲನ್ ಉಂಡೆ ತಂದು, ಡಬಲ್ ಕಾಟಿನ ಅಳತೆಗೆ ಚೈನ್ ಹಾಕಿ ಕೂರುತ್ತಾರೆ. ಮಳೆ ಶುರುವಾದಾಗ ಹಿಡಿದದ್ದು ನವರಾತ್ರಿ ಬರುವಷ್ಟರಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸೇರಿ ಅಟ್ಟ ಹತ್ತಿರುತ್ತದೆ. ಕೇಳಿದರೆ, "ಮುಗ್ಸುಕೇ ಆತಿಲ್ಲೆ ಮಾರಾಯ್ತಿ" ಎಂಬ ಉತ್ತರ. ಅವರ ಕೈಯಲ್ಲಿ ಏನೂ ದೋಷವಿಲ್ಲ. ಆರಿಸಿಕೊಂಡ ಕೆಲಸ ದೊಡ್ಡದಾಯಿತು, ಅಷ್ಟೆ.

ಮನೆಯಲ್ಲಿ ಕೂತು ಮಾಡುವ ಕೈಕೆಲಸಕ್ಕೆ ನಾನು ಹಾಕುವ ಷರತ್ತು ಎರಡೇ. ಒಂದೆರಡು ಸಂಜೆಗಳಲ್ಲಿ ಮುಗಿಯಬೇಕು. ಮುಗಿದ ವಸ್ತು ನಮ್ಮ ಮನೆಗೆ, ನಮ್ಮ ಹವೆಗೆ ಒಗ್ಗಬೇಕು. ಎರಡನೆಯದನ್ನು ಸುಮ್ಮನೆ ಹೇಳುತ್ತಿಲ್ಲ. ಹೊರದೇಶದ ಹೆಣಿಗೆ ಪುಸ್ತಕಗಳಲ್ಲಿ ಬರುವ ಮಫ್ಲರು, ಕೈಗವಸು, ದಪ್ಪ ಸ್ವೆಟರುಗಳನ್ನು ನಮ್ಮೂರು ನಾವುಂದದಲ್ಲಿ ಹಾಕಿಕೊಳ್ಳುವವರು ಯಾರು? ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಜುಲೈಯಲ್ಲಿ ಒಗೆದ ಟವೆಲ್ಲೇ ಮೂರು ದಿನ ಒಣಗದ ಊರಿನಲ್ಲಿ ಉಲ್ಲನ್ ಹೊದಿಕೆ ಬೂಸು ಹಿಡಿಯುವುದಕ್ಕೆಂದೇ ಹುಟ್ಟಿದಂತಿರುತ್ತದೆ.

ಕ್ರೋಶಾ ಹೊಸತೇನಲ್ಲ. ಕರಾವಳಿಗೆ ಅದು ಬಂದದ್ದು ಮಿಷನರಿಗಳ, ಕಾನ್ವೆಂಟಿನ ಸಿಸ್ಟರುಗಳ ಹೆಣ್ಣುಮಕ್ಕಳ ಶಾಲೆಗಳ ದಾರಿಯಲ್ಲಿ. ಆಮೇಲೆ ಸರಕಾರಿ ಶಾಲೆಯ ಹೊಲಿಗೆ ಟೀಚರುಗಳು ಅದನ್ನು ಕ್ರಾಫ್ಟ್ ಪಿರಿಯಡ್ಡಿಗೆ ತಂದರು. ಒಂದು ಕಾಲಕ್ಕೆ ರೇಡಿಯೊಕ್ಕೆ ಕ್ರೋಶಾ ಹೊದಿಕೆ, ಟಿವಿಗೆ ಕ್ರೋಶಾ ಹೊದಿಕೆ, ಬಾಗಿಲಿಗೆ ಎರಡು ಹಂಸ ಎದುರುಬದುರು ಕೂತ ಪರದೆ. ಟಿವಿ ತೆಳ್ಳಗಾಗಿ ಗೋಡೆ ಏರಿದ ಮೇಲೆ ಅದರ ತಲೆಯ ಮೇಲಿದ್ದ ಬಟ್ಟೆಗೆ ಕೂರಲು ಜಾಗವೇ ಇಲ್ಲವಾಯಿತು. ಕಲೆ ಮಾತ್ರ ಹೋಗಲಿಲ್ಲ. ಅದು ಸೀರೆಯ ಸೆರಗಿಗೆ ಹೋಯಿತು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಕಸೂತಿಗೆ ಮೊದಲೇ ಬಟ್ಟೆ ಇರಬೇಕು, ಅದರ ಮೇಲೆ ಸೂಜಿ ಓಡುತ್ತದೆ. ಕ್ರೋಶಾದಲ್ಲಿ ಬಟ್ಟೆಯೇ ಇಲ್ಲ. ತುದಿಯಲ್ಲಿ ಕೊಕ್ಕೆಯಿರುವ ಒಂದು ಕಡ್ಡಿ, ಒಂದು ನೂಲು. ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುತ್ತ ಹೋದರೆ ಬಟ್ಟೆ ತಾನಾಗಿ ಹುಟ್ಟುತ್ತದೆ. ಎರಡು ಉದ್ದ ಕಡ್ಡಿಗಳ ಸ್ವೆಟರ್ ಹೆಣಿಗೆಯಲ್ಲಿ ಒಂದು ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆಯೇ ಇರಬೇಕು, ಒಂದು ಜಾರಿದರೆ ಕೆಳಗಿನವರೆಗೂ ಬಿಚ್ಚಿಕೊಳ್ಳುವ ಭಯ. ಕ್ರೋಶಾದಲ್ಲಿ ಕಡ್ಡಿಯ ಮೇಲಿರುವ ಕುಣಿಕೆ ಸಾಮಾನ್ಯವಾಗಿ ಒಂದೇ. ಒಲೆಯ ಮೇಲೆ ಹಾಲು ಉಕ್ಕಿದರೆ ಕೆಳಗಿಟ್ಟು ಓಡಬಹುದು, ವಾಪಸ್ಸು ಬಂದು ಅಲ್ಲಿಂದಲೇ ಹಿಡಿಯಬಹುದು.

ನಮ್ಮ ಕಡೆಯವರಿಗೆ ಇದರ ಲೆಕ್ಕಾಚಾರ ಅಪರಿಚಿತವೂ ಅಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಬಿಡುವಿನಲ್ಲಿ ಮರವಂತೆ, ಗಂಗೊಳ್ಳಿ, ಉಪ್ಪುಂದದ ಕಡೆ ಬಲೆ ರಿಪೇರಿ ನಡೆಯುತ್ತದೆ. ನೂಲು ಸುತ್ತಿದ ಸೂಜಿ ಒಂದು ಕೈಯಲ್ಲಿ, ಕಣ್ಣಿನ ಅಳತೆಗೊಂದು ಪಟ್ಟಿ ಇನ್ನೊಂದು ಕೈಯಲ್ಲಿ. ಆದರೆ ಬಲೆಯ ಪ್ರತಿ ಕಣ್ಣಿಗೂ ಗಂಟಿದೆ. ಬಿದ್ದ ಗಂಟು ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು. ಕ್ರೋಶಾದಲ್ಲಿ ಗಂಟೇ ಇಲ್ಲ. ತಪ್ಪಿತೋ, ಕಡ್ಡಿ ತೆಗೆದು ನೂಲಿನ ತುದಿ ಎಳೆದರೆ ಸರಸರನೆ ಬಿಚ್ಚಿ ಮತ್ತೆ ಉಂಡೆಯಾಗುತ್ತದೆ. ಹೊಸಬರಿಗೆ ಇದಕ್ಕಿಂತ ಉದಾರವಾದ ಕೈಕೆಲಸ ನನಗೆ ಗೊತ್ತಿಲ್ಲ.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಬಣ್ಣ ಚೆಂದ, ಬೆಲೆ ಕಮ್ಮಿ, ಬೇಗ ಒಣಗುತ್ತದೆ. ಆದರೆ ಬಿಸಿ ತಾಗಿದರೆ ಕರಗುತ್ತದೆ. ಕಾದ ಪಾತ್ರೆ ಹಿಡಿಯುವ ಬಟ್ಟೆ, ಪಾತ್ರೆಯ ಕೆಳಗಿನ ಸಿಂಬಿ, ದೀಪದ ಹತ್ತಿರ ಇಡುವ ಯಾವುದನ್ನೂ ಅಕ್ರಿಲಿಕ್ಕಿನಲ್ಲಿ ಮಾಡಬಾರದು. ಅವಕ್ಕೆ ಹತ್ತಿ ನೂಲೇ ಆಗಬೇಕು. ಕಡ್ಡಿ ಅಲ್ಯೂಮಿನಿಯಮ್ಮಿನದಿರಲಿ, ಉಪ್ಪುಗಾಳಿಗೆ ಅಗ್ಗದ ಉಕ್ಕಿನ ಕಡ್ಡಿ ತುಕ್ಕು ಹಿಡಿದು ಬಿಳಿ ನೂಲಿಗೆ ಕಲೆ ಅಂಟಿಸುತ್ತದೆ. ಕಡ್ಡಿಯ ದಪ್ಪ ಮಿಲಿಮೀಟರಿನಲ್ಲಿ ಅದರ ಮೇಲೆಯೇ ಬರೆದಿರುತ್ತದೆ. ಹೊಸಬರ ಕೈ ಬಿಗಿ. ನೂಲಿನ ಚೀಟಿಯಲ್ಲಿ ಹೇಳಿದ್ದಕ್ಕಿಂತ ಒಂದು ಅಳತೆ ದಪ್ಪದ ಕಡ್ಡಿ ಹಿಡಿದರೆ ಸಲೀಸು. ಕಪ್ಪು ನೂಲು ಮಾತ್ರ ಬೇಡ, ಕುಣಿಕೆ ಎಲ್ಲಿದೆಯೆಂದೇ ಕಾಣುವುದಿಲ್ಲ.

ಈಗ ಏನು ಮಾಡುವುದು? ನನ್ನ ಮೊದಲ ಸಲಹೆ ಹೆಮ್ಮಾಡಿ ಸೇವಂತಿಗೆ.

ಹೆಮ್ಮಾಡಿಯ ಆಸುಪಾಸಿನ ಗದ್ದೆಗಳಲ್ಲಿ ಬೆಳೆಯುವ ಈ ಹಳದಿ ಹೂವನ್ನು ನಮ್ಮ ಕಡೆಯವರಿಗೆ ಪರಿಚಯಿಸಬೇಕಿಲ್ಲ. ಮಕರ ಸಂಕ್ರಾಂತಿಗೆ ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಹೋಗುವವರ ಕೈಯಲ್ಲಿ ಇದಿಲ್ಲದೆ ಇಲ್ಲ. ಪೇಟೆಯ ದೊಡ್ಡ ಸೇವಂತಿಗೆಯಂತಲ್ಲ, ಚಿಕ್ಕದು, ಎಸಳು ಒತ್ತೊತ್ತು. ಈ ಒತ್ತು ಎಸಳೇ ಕ್ರೋಶಾಕ್ಕೆ ಅನುಕೂಲ. ಗುಲಾಬಿಯ ಎಸಳಿಗೆ ಆಕಾರ ಬೇಕು, ತಾವರೆಗೆ ಲೆಕ್ಕ ಬೇಕು. ಸೇವಂತಿಗೆಗೆ ಕುಣಿಕೆಗಳ ಗುಂಪಿದ್ದರೆ ಸಾಕು.

ಹಳದಿ ಹತ್ತಿ ನೂಲು, 2.5 ಮಿ.ಮೀ. ಕಡ್ಡಿ. ನೂಲಿನ ತುದಿಯಲ್ಲಿ ಜಾರುಗುಣಿಕೆ ಮಾಡಿ ಕಡ್ಡಿಗೆ ಏರಿಸಿ. ಕಡ್ಡಿಗೆ ನೂಲು ಸುತ್ತಿ ಕುಣಿಕೆಯೊಳಗಿಂದ ಎಳೆದರೆ ಒಂದು ಚೈನ್. ಹೀಗೆ 41 ಚೈನ್ ಆಗಲಿ. ಈಗ ಹಿಂದಕ್ಕೆ ತಿರುಗುವುದು. ಮತ್ತೆ ನಾಲ್ಕು ಚೈನ್ ಹಾಕಿ. ಮೊದಲ ಸಾಲಿನ ಕೊನೆಯ ಚೈನ್ ಬಿಟ್ಟು ಅದರ ಹಿಂದಿನದರೊಳಗೆ, ಅಂದರೆ 40ನೆಯದರೊಳಗೆ, ಕಡ್ಡಿ ತೂರಿಸಿ, ನೂಲು ಹಿಡಿದು, ಚೈನಿನೊಳಗಿಂದಲೂ ಕಡ್ಡಿಯ ಮೇಲಿದ್ದ ಕುಣಿಕೆಯೊಳಗಿಂದಲೂ ಒಂದೇ ಎಳೆತಕ್ಕೆ ಎಳೆದುಬಿಡಿ. ಸ್ಲಿಪ್ ಸ್ಟಿಚ್ ಎನ್ನುವುದು ಇದನ್ನೇ. ಒಂದು ಎಸಳಾಯಿತು. ಪುನಃ ನಾಲ್ಕು ಚೈನ್, ಮುಂದಿನದರೊಳಗೆ ಸ್ಲಿಪ್ ಸ್ಟಿಚ್. ಮೊದಲ ಹನ್ನೆರಡು ಎಸಳಿಗೆ ನಾಲ್ಕು ಚೈನ್, ಆಮೇಲಿನ ಹನ್ನೆರಡಕ್ಕೆ ಐದು, ಉಳಿದವಕ್ಕೆ ಆರು. ಒಟ್ಟು ನಲವತ್ತು ಕುಣಿಕೆ. ಕೊನೆಗೆ ನೂಲನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಕೊನೆಯ ಕುಣಿಕೆಯೊಳಗೆ ತೂರಿಸಿ ಬಿಗಿಯಿರಿ.

ಕೈಯಲ್ಲಿರುವುದು ಈಗ ಒಂದು ಬದಿಗೆ ಗೊಂಡೆಗೊಂಡೆಯಾದ ಪಟ್ಟಿ. ನೋಡಲು ಏನೂ ಇಲ್ಲ. ಚಿಕ್ಕ ಕುಣಿಕೆಗಳಿರುವ ತುದಿಯಿಂದ ಅದನ್ನು ಚಾಪೆಯಂತೆ ಸುರುಳಿ ಸುತ್ತುತ್ತ ಬನ್ನಿ. ಮೊದಲ ಎರಡು ಸುತ್ತಿಗೆ ಬೆರಳಿನ ನಡುವೆ ನಿಲ್ಲುವುದಿಲ್ಲ, ಜಾರುತ್ತದೆ. ಮೂರನೆಯ ಸುತ್ತಿಗೆ ನಡುವಿನ ಮೊಗ್ಗು ಕಾಣುತ್ತದೆ. ಆಮೇಲಿನ ಎಸಳುಗಳು ಅದನ್ನು ಸುತ್ತಿಕೊಂಡು ಹೊರಕ್ಕೆ ಬಾಗುತ್ತವೆ. ಬಿಟ್ಟಿದ್ದ ನೂಲನ್ನು ಸೂಜಿಗೆ ಪೋಣಿಸಿ ಬುಡದಲ್ಲಿ ಆಚೆಯಿಂದೀಚೆಗೆ ನಾಲ್ಕು ಸಲ ಹೊಲಿದರೆ ಹೂ ಗಟ್ಟಿ. ಹೊಸಬರಿಗೆ ಒಂದು ಗಂಟೆಯಾದರೂ ಬೇಕು, ಕೈ ಕುದುರಿದ ಮೇಲೆ ಕಾಲು ಗಂಟೆ ಸಾಕು. ಕೂದಲ ಕ್ಲಿಪ್ಪಿಗೆ ಒಂದು ಹೂ, ಬಾಗಿಲ ತೋರಣಕ್ಕೆ ಹನ್ನೊಂದು. ದೇವರಿಗೆ ನೂಲಿನ ಹೂ ಏರಿಸಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿಗೆ ಗದ್ದೆಯದೇ ಆಗಬೇಕು, ಬೆಳೆದವರಿಗೂ ನಾಲ್ಕು ಕಾಸು ಸಿಗಬೇಕು.

ಹೂವು ಬಂದ ಮೇಲೆ ಕಲಿಯಬೇಕಾದದ್ದು ವೃತ್ತ. ಇದರಲ್ಲಿ ಒಂದು ಸಣ್ಣ ಲೆಕ್ಕವಿದೆ; ಅದು ತಲೆಗೆ ಹೊಕ್ಕರೆ ಅರ್ಧ ಕ್ರೋಶಾ ಬಂದ ಹಾಗೆ. ನೂಲನ್ನು ಮೊದಲು ಹೊಲಿಗೆಯೊಳಗಿಂದ, ಆಮೇಲೆ ಕಡ್ಡಿಯ ಮೇಲಿನ ಎರಡೂ ಕುಣಿಕೆಯೊಳಗಿಂದ, ಹೀಗೆ ಎರಡು ಎಳೆತಕ್ಕೆ ಎಳೆದರೆ ಸಿಂಗಲ್ ಕ್ರೋಶಾ. ಅದರಲ್ಲಿ ಮೊದಲ ಸುತ್ತಿಗೆ ಆರು ಹೊಲಿಗೆ. ಎರಡನೆಯದಕ್ಕೆ ಹನ್ನೆರಡು, ಮೂರನೆಯದಕ್ಕೆ ಹದಿನೆಂಟು, ಹೀಗೆ ಪ್ರತಿ ಸುತ್ತಿಗೂ ಆರಾರು ಏರಿಸಿದರೆ ತಟ್ಟೆಯಂತೆ ಸಪಾಟಾದ ವೃತ್ತ. ಚಾ ಲೋಟದ ಕೆಳಗಿಡುವ ಕೋಸ್ಟರಿಗೆ ಏಳೆಂಟು ಸುತ್ತು, ಅನ್ನದ ಪಾತ್ರೆಯ ಸಿಂಬಿಗೆ ದಪ್ಪ ಹತ್ತಿ ನೂಲಿನಲ್ಲಿ ಹದಿನೈದು ಸುತ್ತು.

ಏರಿಸುವುದನ್ನು ನಡುವೆ ನಿಲ್ಲಿಸಿದರೆ ಅಂಚು ಮೇಲಕ್ಕೆ ಏಳುತ್ತದೆ, ಟೋಪಿಯಾಗುತ್ತದೆ. ಆಗ ತಾನೇ ಹುಟ್ಟಿದ ಮಗುವಿನ ತಲೆಯ ಸುತ್ತಳತೆ 35 ಸೆಂಟಿಮೀಟರ್ ಆಸುಪಾಸು. ವೃತ್ತ 10-11 ಸೆಂಟಿಮೀಟರ್ ಅಗಲವಾದಾಗ ಏರಿಕೆ ನಿಲ್ಲಿಸಿ, ಹಾಗೆಯೇ ಸುತ್ತುತ್ತ ಹೋದರೆ ಬಾಣಂತಿ ಮನೆಗೆ ಒಯ್ಯಲು ಒಂದು ಟೋಪಿ ಸಿದ್ಧ. ಮೆತ್ತಗಿನ ಹತ್ತಿಯಿರಲಿ. ಮಣಿ, ಗುಂಡಿ, ಲೇಸು ಏನೂ ಬೇಡ, ಮಗುವಿನ ಕೈ ಮೊದಲು ಹೋಗುವುದೇ ಅಲ್ಲಿಗೆ, ಆಮೇಲೆ ಬಾಯಿಗೆ.

ಮೂರನೆಯ ದಾರಿ ನನಗೆ ಎಲ್ಲಕ್ಕಿಂತ ಇಷ್ಟ. ಆರರ ಲೆಕ್ಕ ಬಿಟ್ಟು, ಪ್ರತಿ ಹೊಲಿಗೆಯೊಳಗೂ ಎರಡೆರಡು ಹಾಕುತ್ತ ಹೋಗಿ. 6, 12, 24, 48. ಎಂಟನೇ ಸುತ್ತಿಗೆ ಸಪಾಟು ವೃತ್ತದಲ್ಲಿ 48 ಹೊಲಿಗೆ ಇರಬೇಕಾದ ಕಡೆ ಇಲ್ಲಿ 768 ಆಗಿರುತ್ತದೆ! ಅಷ್ಟಕ್ಕೆ ಜಾಗವೆಲ್ಲಿ? ಅಂಚು ನೆರಿಗೆ ನೆರಿಗೆಯಾಗಿ ಮೇಲೆ ಕೆಳಗೆ ಮಡಚಿಕೊಳ್ಳುತ್ತದೆ. ಐದನೇ ಸುತ್ತಿಗೆ ನಿಲ್ಲಿಸಿದರೂ ಅಂಗೈಯಲ್ಲೊಂದು ಹವಳ. ಇದು ಬರೀ ಆಟವಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ ಹೈಪರ್ಬೋಲಿಕ್ ಜ್ಯಾಮಿತಿಯ ಸಮತಲವನ್ನು ವಿದ್ಯಾರ್ಥಿಗಳ ಕೈಗೆ ಕೊಡಲು 1997ರಲ್ಲಿ ಹಿಡಿದದ್ದು ಇದೇ ದಾರಿಯನ್ನು. ಅದುವರೆಗೆ ಕಾಗದದ ತುಂಡು ಅಂಟಿಸಿ ಮಾಡಿದ ಮಾದರಿಗಳಿದ್ದವು, ಮುಟ್ಟಿದರೆ ಹರಿಯುತ್ತಿದ್ದವು. ತೈಮಿನಾರ ನೂಲಿನ ಮಾದರಿ ನೋಡಿ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಟ್‌ಹೈಮ್ ಎಂಬ ಅಕ್ಕತಂಗಿಯರು 2005ರಲ್ಲಿ ನೂಲಿನ ಹವಳದ ದಂಡೆಯನ್ನೇ ಕಟ್ಟತೊಡಗಿದರು. ನಾನಾ ದೇಶದ ಸಾವಿರಾರು ಮಂದಿ ಅದಕ್ಕೆ ಕಡ್ಡಿ ಜೋಡಿಸಿದರು. ಸಮುದ್ರ ಬಿಸಿಯೇರಿ ನಿಜವಾದ ಹವಳ ಬಿಳಿಚುತ್ತಿರುವುದರ ಕಡೆಗೆ ಜನರ ಗಮನ ಸೆಳೆಯುವುದು ಅವರ ಉದ್ದೇಶ. ನಾವುಂದದ ಮಕ್ಕಳಿಗೆ ಹವಳ ಎಲ್ಲೋ ಆಸ್ಟ್ರೇಲಿಯಾದ್ದೇ ಆಗಬೇಕಿಲ್ಲ. ಮುರ್ಡೇಶ್ವರದ ಕಡಲಾಚೆ ಕಾಣುವ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ಮನೆಯಲ್ಲಿ ಹೈಸ್ಕೂಲಿನ ಮಗುವಿದ್ದರೆ ಈ ಕೆಲಸವನ್ನು ಅದರ ಕೈಗೇ ಕೊಡಿ, ಗುಣಾಕಾರದ ಏರಿಕೆ ಎಂದರೇನೆಂದು ಬೆರಳಿಗೇ ತಿಳಿಯುತ್ತದೆ. ಗಂಡುಮಗುವಾದರೂ ಕೊಡಿ. ಬಲೆ ಹೆಣೆಯುವ ಊರಿನಲ್ಲಿ ನೂಲಿನ ಕೆಲಸ ಹೆಂಗಸರದ್ದು ಎಂಬ ಮಾತಿಗೆ ಅರ್ಥವಿಲ್ಲ.

ಕಾಲೊರಸು ಬೇಕೆನ್ನುವವರಿಗೆ ಹಳೆ ಸೀರೆ ಇದೆ. ಸೀರೆಯನ್ನು ಒಂದು ಇಂಚು ಅಗಲಕ್ಕೆ ಉದ್ದುದ್ದ ಹರಿದು, ತುದಿಗೆ ತುದಿ ಸೇರಿಸಿ ಉಂಡೆ ಸುತ್ತಿ, 8 ಅಥವಾ 10 ಮಿ.ಮೀ. ಕಡ್ಡಿಯಲ್ಲಿ ಅದೇ ಆರಾರರ ಲೆಕ್ಕಕ್ಕೆ ಹೆಣೆದರೆ ಎರಡು ಸಂಜೆಗೆ ಮುಗಿಯುತ್ತದೆ. ಪುಸ್ತಕಗಳು ಹತ್ತಿ ಬಟ್ಟೆ ಬಳಸಿ ಎನ್ನುತ್ತವೆ. ನಮ್ಮ ಮಳೆಗಾಲಕ್ಕೆ ಅದು ಆಗದ ಮಾತು, ಒದ್ದೆಯಾದ ಹತ್ತಿಯ ಕಾಲೊರಸು ಗಣೇಶ ಚೌತಿಯವರೆಗೂ ಒದ್ದೆಯೇ. ನೈಲಾನ್, ಪಾಲಿಯೆಸ್ಟರ್ ಸೀರೆಯಾದರೆ ಹಿಂಡಿ ಕಟ್ಟೆಯ ಮೇಲೆ ಹಾಕಿದರೆ ಸಂಜೆಗೆ ಒಣಗಿರುತ್ತದೆ. ಮೀನು ಪೇಟೆಗೆ ಒಯ್ಯುವ ಚೀಲಕ್ಕೂ ಇದೇ ಮಾತು: ನೈಲಾನ್ ದಾರದಲ್ಲಿ ದೊಡ್ಡ ಕಣ್ಣಿನ ಜಾಳಿಗೆ ಹೆಣೆದರೆ ತೊಳೆಯುವುದೂ ಸುಲಭ, ವಾಸನೆಯೂ ನಿಲ್ಲುವುದಿಲ್ಲ.

ಮಾದರಿ ಹುಡುಕಿ ಹೊರಡುವವರು ಎಡವುವ ಒಂದು ಕಲ್ಲಿದೆ. ಅಮೆರಿಕದವರು ಸಿಂಗಲ್ ಎನ್ನುವ ಹೊಲಿಗೆ ಬ್ರಿಟಿಷರಿಗೆ ಡಬಲ್. ಅಮೆರಿಕದ ಡಬಲ್ ಬ್ರಿಟಿಷರ ಟ್ರೆಬಲ್. ನಮ್ಮ ಹಳೆಯ ಹೊಲಿಗೆ ಟೀಚರುಗಳ ಪುಸ್ತಕ ಬ್ರಿಟಿಷರದು, ಇಂದಿನ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದ ಲೆಕ್ಕದವು. ಅಮ್ಮನ ಪುಸ್ತಕ ನೋಡಿ ಮಗಳು ಹೆಣೆದ ಟೋಪಿ ದೊಡ್ಡದಾಗುವುದು ಇದರಿಂದಲೇ. ಗೊಂದಲವೇ ಬೇಡವೆಂದರೆ ಚಿತ್ರದ ನಕ್ಷೆ ಓದಲು ಕಲಿಯಿರಿ. ಮೊಟ್ಟೆಯಾಕಾರವಿದ್ದರೆ ಚೈನ್, ಚಿಕ್ಕ ಗುಣಾಕಾರ ಚಿಹ್ನೆಯಿದ್ದರೆ ಅಮೆರಿಕದ ಸಿಂಗಲ್, ಇಂಗ್ಲಿಷಿನ ಟೀ ಅಕ್ಷರಕ್ಕೆ ಒಂದು ಅಡ್ಡಗೀರು ಹಾಕಿದ್ದರೆ ಡಬಲ್. ಜಪಾನಿನವರು ಬರೆದ ನಕ್ಷೆಯೂ ನಾವುಂದದಲ್ಲಿ ಕೂತವರಿಗೆ ಅರ್ಥವಾಗುತ್ತದೆ. ಇನ್ನು, ಹೆಣೆದದ್ದು ಸಾಲಿನಿಂದ ಸಾಲಿಗೆ ಕಿರಿದಾಗುತ್ತ ತ್ರಿಕೋನವಾಗುತ್ತಿದ್ದರೆ ಪ್ರತಿ ಸಾಲಿನ ಕೊನೆಯ ಹೊಲಿಗೆ ಬಿಟ್ಟುಹೋಗುತ್ತಿದೆ ಎಂದು ತಿಳಿಯಿರಿ. ಸಾಲು ಮುಗಿದಾಗಲೆಲ್ಲ ಎಣಿಸಿದರೆ ಈ ರೋಗ ವಾಸಿ.

ಸೆರಗಿನ ಮಾತಿಗೆ ಬರುತ್ತೇನೆ. ಕರ್ನಾಟಕದಲ್ಲಿ ಇವತ್ತು ಕ್ರೋಶಾ ಎಲ್ಲಿ ಬದುಕಿದೆ ಎಂದು ಕೇಳಿದರೆ ಸೀರೆ ಕುಚ್ಚಿನಲ್ಲಿ ಎನ್ನಬೇಕು. ಮೊದಲು ಕೈಮಗ್ಗದ ಸೀರೆಯಲ್ಲಿ ನೇಯದೆ ಬಿಟ್ಟ ಹಾಸಿನ ಎಳೆಗಳನ್ನೇ ಹಿಡಿ ಹಿಡಿಯಾಗಿ ಗಂಟು ಹಾಕುತ್ತಿದ್ದರು, ಕುಚ್ಚೆಂದರೆ ಅಷ್ಟೇ. ಈಗ ಬೇರೆ ರೇಷ್ಮೆ ದಾರ ತಂದು, ಒಂದು ಮಿಲಿಮೀಟರ್ ಆಸುಪಾಸಿನ ಸಣ್ಣ ಉಕ್ಕಿನ ಕಡ್ಡಿಯಿಂದ ಸೆರಗಿನ ಅಂಚನ್ನೇ ಚುಚ್ಚಿ, ಚೈನ್ ಹಾಕಿ, ಕಮಾನು ಕಟ್ಟಿ, ನಡುನಡುವೆ ಮಣಿ ಕೂರಿಸಿ, ಕೆಳಗೆ ಗೊಂಡೆ ಇಳಿಬಿಡುತ್ತಾರೆ. ಅದೇ ಕ್ರೋಶಾ ಕುಚ್ಚು. ಚೈನ್, ಸಿಂಗಲ್, ಡಬಲ್, ಈ ಮೂರು ಹೊಲಿಗೆ ಬಂದವರಿಗೆ ಇದು ಕಷ್ಟವಲ್ಲ, ತಾಳ್ಮೆಯದ್ದು. ಮೊದಲ ಪ್ರಯೋಗ ಮದುವೆ ಸೀರೆಯ ಮೇಲೆ ಬೇಡ. ಹಳೆ ವೇಲಿನ ಅಂಚಿಗೆ ಒಂದು ಗೇಣು ಹಾಕಿ ನೋಡಿ. ಕಮಾನುಗಳ ನಡುವಿನ ಅಂತರ ಒಂದೇ ಸಮ ಬರುವವರೆಗೆ ಅಲ್ಲಿಯೇ ಇರಿ. ಅಂಚಿಗೆ ಮೊದಲೇ ಪೆನ್ಸಿಲಿನಲ್ಲಿ ಅರ್ಧರ್ಧ ಇಂಚಿಗೆ ಚುಕ್ಕೆ ಇಟ್ಟುಕೊಂಡರೆ ಕೈ ತಪ್ಪುವುದಿಲ್ಲ.

ಕುಚ್ಚು ಬಂತೆಂದರೆ ಅಕ್ಕಪಕ್ಕದವರು ಸೀರೆ ತಂದೇ ತರುತ್ತಾರೆ. "ಹ್ವಾಯ್, ಎಷ್ಟ್ ಆತ್ತ್?" ಎಂಬ ಪ್ರಶ್ನೆಯೂ ಜೊತೆಗೇ ಬರುತ್ತದೆ. ಹೊಸಬರು ಸಂಕೋಚಕ್ಕೆ ಬಿದ್ದು ಬಾಯಿಗೆ ಬಂದ ಕಡಿಮೆ ದರ ಹೇಳಿಬಿಡುತ್ತಾರೆ. ಒಂದು ಸೀರೆಗೆ ಆರು ಗಂಟೆ ಹಿಡಿಯಿತು, 600 ರೂಪಾಯಿ ಸಿಕ್ಕಿತು ಎಂದಿಟ್ಟುಕೊಳ್ಳಿ. ದಾರ, ಮಣಿಗೆ ನೂರು ಕಳೆದರೆ ಗಂಟೆಗೆ ಎಂಬತ್ತಮೂರು ರೂಪಾಯಿ. ಕಣ್ಣಿನ, ಕತ್ತಿನ ನೋವು ಬೇರೆ. ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ನೂರೈವತ್ತು ವರ್ಷಕ್ಕೂ ಮೀರಿ ನಡೆದುಬಂದಿದೆ, ವಿದೇಶಕ್ಕೆ ಹೋಗುತ್ತದೆ. ಅಲ್ಲಿನ ಹೆಣೆಯುವ ಹೆಂಗಸರ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅವರು ಕಂಡದ್ದು ಇದು: ದಿನದ ಬಹುಪಾಲು ಹೆಣೆದರೂ ಆ ಹೆಂಗಸರನ್ನು ಕೆಲಸಗಾರರೆಂದು ಯಾರೂ ಎಣಿಸಲಿಲ್ಲ, ಮನೆಯಲ್ಲಿ ಕೂತವರ ಬಿಡುವಿನ ಕೆಲಸ ಎಂದು ಕರೆದು ಕೂಲಿ ಕಡಿಮೆ ಕೊಟ್ಟರು, ದುಡ್ಡು ನಡುವಿನ ವ್ಯಾಪಾರಿಗಳಿಗೆ ಹೋಯಿತು. ಕುಚ್ಚಿನ ವಿಷಯದಲ್ಲಿ ನಮ್ಮಲ್ಲೂ ಹಾಗಾಗಬಾರದು. ಸಂತೋಷಕ್ಕೆ ಹೆಣೆಯುವುದು ಬೇರೆ, ದುಡಿಮೆಗೆ ಹೆಣೆಯುವುದು ಬೇರೆ. ಎರಡನೆಯದಕ್ಕೆ ಇಳಿದರೆ ಗಂಟೆ ಬರೆದಿಟ್ಟುಕೊಂಡೇ ದರ ಹೇಳಬೇಕು. ಅದನ್ನೇ ಉದ್ಯೋಗ ಮಾಡಿಕೊಳ್ಳುವ ಮನಸ್ಸಿದ್ದವರು ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಯಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೆಯದು, ಸ್ವಉದ್ಯೋಗದ ತರಬೇತಿಗಳು ಅಲ್ಲಿ ಉಚಿತ.

ಕಲಿಯಲು ದೂರ ಹೋಗಬೇಕಿಲ್ಲ. ವಿಡಿಯೊದಲ್ಲಿ ನಾಲ್ಕು ಸಲ ಹಿಂದೆ ಮುಂದೆ ಓಡಿಸಿದರೂ ತಿಳಿಯದ ಕೈಚಳಕ, ಕುಚ್ಚು ಹಾಕುವವರ ಪಕ್ಕ ಹತ್ತು ನಿಮಿಷ ಕೂತರೆ ತಿಳಿಯುತ್ತದೆ. ನಿಮ್ಮ ಬೀದಿಯಲ್ಲೇ ಅಂಥವರೊಬ್ಬರು ಇದ್ದಾರು. ಕೇಳಿ ನೋಡಿ, ಹೇಳಿಕೊಡುವುದಕ್ಕೆ ದುಡ್ಡು ಕೊಡುತ್ತೇನೆಂದೂ ಮೊದಲೇ ಹೇಳಿ. ಹಾಗೆಯೇ ಅವರಿಗೆ ಸೀರೆ ಕೊಡುವುದಿದ್ದರೆ ಮದುವೆಗೆ ಎರಡು ವಾರ ಮುಂಚೆ ಕೊಡಿ. ಮೆಹಂದಿಯ ದಿನ ಸಂಜೆ ತಂದು ಬೆಳಿಗ್ಗೆಗೆ ಬೇಕೆಂದರೆ ಯಾವ ಕಡ್ಡಿಯೂ ಓಡುವುದಿಲ್ಲ.